ಎಡಕ್ಕೇ ತಿರುಗುವ ಲೋಲಕ

ಹೊಳೆದಂಡೆಯ ಆಶ್ರಮದಲ್ಲಿ ಚಿದ್ಘನ ಗುರುಗಳು ಅಂತ ಒಬ್ಬರಿದ್ದರು. ಸುಲಭಕ್ಕೆ ಏನನ್ನೂ ನಂಬುವವರಲ್ಲ. ತಾವೇ ಹಾಕಿದ ಚಿಲಕವನ್ನು ಮತ್ತೆ ಎಳೆದು ನೋಡುವವರ ಪೈಕಿ.

ಒಂದು ಮಧ್ಯಾಹ್ನ ಅವರ ಹಳೆಯ ಶಿಷ್ಯ ಸದ್ಯೋಜಾತ ಬಂದ. ಈಗ ಅವನು ಡಿಗ್ರಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಕಂಕುಳಲ್ಲಿ ಒಂದು ಫೈಲು, ಕೈಯಲ್ಲಿ ಬಟ್ಟೆ ಸುತ್ತಿದ ಏನೋ ಒಂದು.

ಗುರುಗಳು ಫೈಲು ನೋಡಲಿಲ್ಲ. ಗಂಟು ನೋಡಿದರು.

"ಏನದು?"

"ಮೊದಲು ಫೈಲು ನೋಡಿ ಗುರುಗಳೇ. ಬಿ.ಎಸ್ಸಿ. ಮಕ್ಕಳಿಗೆ ಹೊಸ ಕೋರ್ಸು ಮಾಡಿದ್ದೀನಿ. ಕೇಯಾಸ್ ಅಂತ."

"ಅಂದರೆ?"

"ಶುರುವಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಸಾಕು, ಆಮೇಲೆ ಏನಾಗುತ್ತೆ ಅಂತ ಯಾರೂ ಹೇಳೋಕಾಗಲ್ಲ. ಅದರ ಗಣಿತ. ನಾಳೆ ಪಠ್ಯ ಸಮಿತಿ ಕೂರುತ್ತೆ. ಅವರು ಒಪ್ಪಿದರೆ ಕೋರ್ಸು ಉಂಟು. ಇಲ್ಲದಿದ್ದರೆ ನಿದ್ದೆಗೆಟ್ಟು ಮಾಡಿದ್ದೆಲ್ಲ ರದ್ದಿಗೆ. ತಾವು ಆಶೀರ್ವಾದ ಮಾಡಬೇಕು."

ಗುರುಗಳು ಫೈಲು ಬಿಡಿಸಿದರು. ಪ್ರತಿ ಪಾಠದ ಗಂಟೆಗೂ ಒಂದೊಂದು ಸಾಲು ಬರೆದಿತ್ತು. ಒಂದು ಕಡೆ ಬೆರಳಿಟ್ಟು ಓದಿದರು.

"'ಮೂರನೇ ವಾರ, ಮಂಗಳವಾರ. ಜೋಡಿ ಲೋಲಕ ಎಡಕ್ಕೆ ಪಲ್ಟಿ ಹೊಡೆಯುವುದು. ವಿದ್ಯಾರ್ಥಿಗಳು ಬೆರಗಾಗುವರು.' ಬುಧವಾರ ಬೆರಗಾಗಬಾರದೋ?"

"ಬುಧವಾರ ಕಿರುಪರೀಕ್ಷೆ."

"ಸರಿ. ಮಕ್ಕಳು ಮಂಗಳವಾರ. ನೀನು ಯಾವಾಗ ಬೆರಗಾಗೋದು?"

"ನಾನ್ಯಾಕೆ ಗುರುಗಳೇ? ನಾನು ಮೇಷ್ಟ್ರು."

"ಹ್ಞೂಂ," ಅಂದರು ಗುರುಗಳು.

ಆ ಹ್ಞೂಂ ಸದ್ಯೋಜಾತನಿಗೆ ಸರಿ ಕಾಣಲಿಲ್ಲ. ಹಿಂದೊಮ್ಮೆ ಇಂಥದೇ ಹ್ಞೂಂ ಆದಮೇಲೆ ಅವನು ಮಳೆಗಾಲವಿಡೀ ಹಂಡೆ ತಿಕ್ಕಿದ್ದ.

"ಆ ಗಂಟು ಬಿಚ್ಚು."

ಒಳಗಿದ್ದದ್ದು ಅದೇ ಜೋಡಿ ಲೋಲಕ. ಒಂದು ಕೋಲಿನ ತುದಿಗೆ ಇನ್ನೊಂದು ಕೋಲು, ನಡುವೆ ತಿರುಗಣಿ. ಸದ್ಯೋಜಾತ ಅದನ್ನು ಜಗಲಿಯ ಕಂಬದ ಮೊಳೆಗೆ ತೂಗುಹಾಕಿದ. ಮೇಲಕ್ಕೆತ್ತಿ ಬಿಟ್ಟ.

ಕೆಳಗಿನ ಕೋಲು ಎಡಕ್ಕೆ ಒಂದು ಪಲ್ಟಿ ಹೊಡೆದು, ಮರ್ಯಾದೆಯಾಗಿ ತೂಗಿ ನಿಂತಿತು.

"ಇನ್ನೊಂದು ಸಲ."

ಎಡಕ್ಕೆ ಒಂದು ಪಲ್ಟಿ.

"ಸ್ವಲ್ಪ ಓರೆಯಾಗಿ ಹಿಡಿದು ಬಿಡು."

ಎಡಕ್ಕೇ.

"ಏನಾಗುತ್ತೆ ಅಂತ ಯಾರೂ ಹೇಳೋಕಾಗಲ್ಲ ಅಂದೆಯಲ್ಲಪ್ಪ?"

"ಅದು ಸಿದ್ಧಾಂತದಲ್ಲಿ ಗುರುಗಳೇ."

ಗುರುಗಳು ಕಂಬವನ್ನೇ ನೋಡುತ್ತಿದ್ದರು. ಅಡುಗೆಮನೆಯ ಬೆಲ್ಲಕ್ಕೆ ಹೊರಟಿದ್ದ ಇರುವೆ ಸಾಲು ದಾರಿ ಬದಲಿಸಿ ಕಂಬ ಹತ್ತುತ್ತಿತ್ತು. ನೇರ ಲೋಲಕದ ತಿರುಗಣಿಗೆ.

"ಗಣಿತಕ್ಕೆ ಇರುವೆ ಮುತ್ತೋದನ್ನ ಇದೇ ಮೊದಲು ನೋಡ್ತಿರೋದು ನಾನು."

ಸದ್ಯೋಜಾತ ಹೊಳೆಯ ಕಡೆ ತಿರುಗಿದ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಗುರುಗಳು ಎದ್ದು ತಿರುಗಣಿಯನ್ನು ಉಗುರಿನಲ್ಲಿ ಕೆರೆದು ಮೂಸಿದರು. ಜೇನುಮೇಣ. ಜೇನಿನ ಪಸೆ ಇನ್ನೂ ಆರಿರಲಿಲ್ಲ.

"ಇದನ್ನ ಯಾಕೆ ಮೆತ್ತಿದ್ದೀಯೋ?"

"ಮೇಣ ಇಲ್ಲದಿದ್ದರೆ ಹುಚ್ಚು ಹಿಡಿದಂಗೆ ತಿರುಗುತ್ತೆ ಗುರುಗಳೇ. ಒಂದು ಸಲ ತಿರುಗಿದಂಗೆ ಇನ್ನೊಂದು ಸಲ ಇಲ್ಲ. ಈಗ ಎತ್ತ ಹೋಗುತ್ತೆ ಹೇಳಿ ಮೇಷ್ಟ್ರೇ ಅಂತ ಸಮಿತಿಯವರು ಕೇಳಿದರೆ ಬೆಬ್ಬೆಬ್ಬೆ ಅನ್ನಬೇಕು. ಮೊದಲೇ ಅವರಿಗೆ ನನ್ನ ಮೇಲೆ ಅನುಮಾನ."

"ನನಗೂ," ಅಂದರು ಗುರುಗಳು.

ಮೇಣವನ್ನೆಲ್ಲ ಕೆರೆದು ಉಂಡೆ ಕಟ್ಟಿ, ಕಂಬದ ಬುಡದಲ್ಲಿ ಇರುವೆಗಳಿಗೆ ಇಟ್ಟರು.

"ಈಗ ಬಿಡು."

ಸದ್ಯೋಜಾತ ಕಣ್ಣು ಅರೆ ಮುಚ್ಚಿಕೊಂಡು ಬಿಟ್ಟ.

ಕೋಲು ಎಡಕ್ಕೆ ಹೋಗುವ ಹಾಗೆ ಮಾಡಿ ಬಲಕ್ಕೆ ಹಾರಿತು. ತಲೆಕೆಳಗಾಗಿ ಒಂದು ಗಳಿಗೆ ಯೋಚನೆ ಮಾಡುವಂತೆ ನಿಂತಿತು. ಆಮೇಲೆ ಗಿರಗಿರ.

ನಿಂತಮೇಲೆ, ಯಾರೂ ಹೇಳದೆ, ಅವನೇ ಮತ್ತೆ ಎತ್ತಿ ಬಿಟ್ಟ. ಈ ಸಲದ ಕುಣಿತವೇ ಬೇರೆ. ಮತ್ತೆ ಬಿಟ್ಟ. ಅದೂ ಬೇರೆ.

ಗುರುಗಳು ಲೋಲಕ ನೋಡಲಿಲ್ಲ. ಶಿಷ್ಯನ ಮುಖ ನೋಡುತ್ತ ಕೂತರು.

ಹೊಳೆಯ ಮೇಲಿನ ಬಿಸಿಲು ಆಚೆ ದಡಕ್ಕೆ ಸರಿದಾಗ ಅವನಿಗೆ ಸಮಿತಿ ನೆನಪಾಯಿತು.

"ಗುರುಗಳೇ, ನಾಳೆ ಅವರು ಎತ್ತ ತಿರುಗುತ್ತೆ ಅಂತ ಕೇಳಿದರೆ ಏನು ತೋರಿಸಲಿ?"

ಗುರುಗಳು ಫೈಲನ್ನು ಅವನ ಕಂಕುಳಿಗೆ ಸಿಕ್ಕಿಸಿದರು.

"ಆಗಿನಿಂದ ಬಾಯಿ ತೆರಕೊಂಡು ನಿಂತಿದ್ದೀಯಲ್ಲ, ಅದನ್ನ ಮುಚ್ಚದೆ ಹಂಗೇ ತಗೊಂಡು ಹೋಗು."