ಬೆವರದ ಒಂಟಿಕೊಂಬು

ಬಹಳ ಹಿಂದೆ ಇಂಗ್ಲೆಂಡಿನ ಅರಸನೊಬ್ಬ ಯಾರನ್ನೂ ನಂಬದೆ ಒಬ್ಬನೇ ಉಣ್ಣುತ್ತಿದ್ದ. ಅವನ ಜೊತೆಗಿದ್ದದ್ದು ಮೇಜಿನ ಮೇಲಿನ ಒಂಟಿಕೊಂಬು ಮಾತ್ರ; ಕಥೆಗಳಲ್ಲಿ ಬರುವ ಒಂಟಿಕೊಂಬಿನ ಕುದುರೆಯದೆಂದು ಅದನ್ನು ಕೊಂಡಿದ್ದ. ವಿಷದ ಪಕ್ಕದಲ್ಲಿಟ್ಟರೆ ಅದರ ಮೈ ಬೆವರುತ್ತದೆಂದು ಮಾರಿದವನು ಹೇಳಿದ್ದ. ಆ ಮಾತು ನಂಬಿ ಅರಸ ರುಚಿ ನೋಡುವ ಆಳನ್ನೂ ಬಿಡಿಸಿದ್ದ. ತಾನು ಬರೀ ತಿಮಿಂಗಿಲವೊಂದರ ಉದ್ದನೆಯ ಹಲ್ಲೆಂದು ಕೊಂಬಿಗೆ ಗೊತ್ತಿತ್ತು. ಆದರೆ ನಿಜ ಹೇಳಿದರೆ ತನ್ನನ್ನು ಮಾತಾಡಿಸುವ ಅರಸನೂ ದೂರವಾದಾನೆಂದು ಸುಮ್ಮನಿತ್ತು.

ಒಂದು ಮಧ್ಯಾಹ್ನ ದ್ರಾಕ್ಷಾರಸದ ಬಟ್ಟಲು ಪಿಸುಗುಟ್ಟಿತು: “ಅರಸನ ತಮ್ಮ ನನ್ನೊಳಗೆ ವಿಷ ಬೆರೆಸಿದ್ದಾನೆ. ಎಲ್ಲಿ, ಬೆವರು ನೋಡೋಣ!”

ಕೊಂಬು ತಿಣುಕಿತು. ಒಂದು ಹನಿಯೂ ಬರಲಿಲ್ಲ. ಕೊನೆಗೆ ಕೂಗಿಕೊಂಡಿತು: “ಪ್ರಭು, ಕುಡಿಯಬೇಡಿ, ಅದು ವಿಷ! ನಾನು ಬೆವರುವುದೇ ಇಲ್ಲ. ಇಷ್ಟು ದಿನ ನಿಮ್ಮಿಂದ ನಿಜ ಮುಚ್ಚಿಟ್ಟಿದ್ದೆ!”

ಅರಸ ಅದರ ಮೈ ಸವರಿ ನೋಡಿದ. ಒಣಗಿತ್ತು.

“ನಿನ್ನನ್ನೂ ನನ್ನ ಶತ್ರುಗಳು ತಮ್ಮ ಕಡೆಗೆ ಎಳೆದುಕೊಂಡರೇ?” ಎಂದು ನೊಂದುಕೊಂಡ. “ಇರಲಿ. ಬಾಯಿ ಸುಳ್ಳಾಡೀತು, ಮೈ ಸುಳ್ಳಾಡದು.”

ಬಟ್ಟಲೆತ್ತಿ ಕುಡಿದ. ಅದು ಕೈಜಾರಿ ಮೇಜಿನ ಮೇಲೆ ಉರುಳಿತು. ಉಳಿದದ್ದು ಚೆಲ್ಲಿ ಕೊಂಬಿನ ಮೈಯೆಲ್ಲ ಒದ್ದೆಯಾಯಿತು. ನೋಡುವುದಕ್ಕೆ ಯಾರೂ ಇರಲಿಲ್ಲ.