ಸ್ಮಶಾನಕ್ಕೆ ಹಳದಿ ಬಣ್ಣ

ಒಂದು ಪುರಸಭೆಯಲ್ಲಿ ಊರಿನ ಮಾಸ್ಟರ್ ಪ್ಲಾನ್ ತಯಾರಾಗ್ತಿತ್ತು. ಮನೆ ಕಟ್ಟೋ ಜಾಗಕ್ಕೆ ಹಳದಿ, ಬಯಲಿಗೆ, ಸ್ಮಶಾನಕ್ಕೆ ಹಸಿರು. ನಕ್ಷೆಗೆ ಬಣ್ಣ ಹಚ್ಚೋದು ಗುಮಾಸ್ತನ ಕೆಲಸ.

ಅಧ್ಯಕ್ಷ ಶಿವನಂಜಪ್ಪನವರು ಬಂದು ಸ್ಮಶಾನದ ಮೇಲೆ ಬೆರಳಿಟ್ಟರು. "ಇದಕ್ಕೆ ಹಳದಿ ಹಚ್ಚಯ್ಯ. ಸೈಟ್ ಮಾಡಿ ಹಂಚೋಣ."

ಗುಮಾಸ್ತ ಬ್ರಷ್ಷು ಕೆಳಗಿಟ್ಟ. ಅವನ ಹೆಂಡತಿಯನ್ನ ಮಣ್ಣು ಮಾಡಿದ್ದು ಅಲ್ಲೇ. ಆಗಲ್ಲ ಅಂದರೆ ನಾಳೆ ಬ್ರಷ್ಷು ಬೇರೆಯವರ ಕೈಗೆ ಹೋಗುತ್ತೆ.

"ಆಗಲಿ ಸಾರ್," ಅಂದ. "ಆದರೆ ಬಣ್ಣ ಬದಲಾಯಿಸೋ ಮುಂಚೆ ಅಲ್ಲಿರೋರ ಆಕ್ಷೇಪಣೆ ಕೇಳಬೇಕಲ್ಲ. ಎಲ್ಲರ ಸಮಾಧಿಗೂ ನೋಟಿಸ್ ಅಂಟಿಸ್ತೀನಿ. ನಿಮ್ಮ ತಂದೆಯವರಿಗೆ ಮಾತ್ರ ನೀವೇ ಕೊಟ್ಟುಬನ್ನಿ. ದೊಡ್ಡವರು, ನಾನು ಅಂಟಿಸಿದರೆ ಮರ್ಯಾದೆಯಲ್ಲ."

"ಸತ್ತೋರು ಏನಯ್ಯ ಆಕ್ಷೇಪಣೆ ಹೇಳ್ತಾರೆ? ಸುಮ್ಮನಿದ್ದರೆ ಒಪ್ಪಿಗೆ ಅಂತ ಬರ್ಕೋ!"

"ಬರ್ಕೋತೀನಿ ಸಾರ್. ಆದರೆ ನಿಮ್ಮ ಮಾತಿಗೆ ನಿಮ್ಮ ತಂದೆಯವರು ಯಾವತ್ತಾದರೂ ಸುಮ್ಮನಿದ್ದದ್ದು ಉಂಟಾ?"

ಶಿವನಂಜಪ್ಪನವರಿಗೆ ಅಪ್ಪನ ಹುಣಸೆ ಬರಲಿನ ಏಟು ನೆನಪಾಯ್ತು. ಕೈ ತಾನಾಗೇ ಬೆನ್ನಿಗೆ ಹೋಯ್ತು.

"ಹಸಿರೇ ಇರಲಿ ಬಿಡಯ್ಯ," ಅಂದರು ಮೆತ್ತಗೆ. "ಮಲಗಿರೋರನ್ನ ಯಾಕೆ ಎಬ್ಬಿಸೋದು."