ಬಸವನಹುಳುವಿಗೆ ಬಡಿಸಿದವನು

"ಗುರುಗಳೇ, ನನ್ನೊಳಗೆ ದಯೆ ಬೆಳೆದಿದೆಯೋ ಇಲ್ಲವೋ ಎಂದು ನಾನು ತಿಳಿಯುವುದು ಹೇಗೆ?" ಎಂದು ಅಡವಯ್ಯ ಕೇಳಿದ.

ಅವನ ಅಂಗೈಗೆ ಇನ್ನೂ ರಾಗಿ ಹಿಟ್ಟು ಅಂಟಿಕೊಂಡಿತ್ತು. ಮಠದ ಹಿತ್ತಲಿನ ಇರುವೆಗಳಿಗೆ ಹಿಟ್ಟು ಹಾಕಿ ನೇರವಾಗಿ ಗುರುಗಳ ಬಳಿಗೆ ಬಂದಿದ್ದ.

ಗುರುಗಳು ಆ ಕೈಯನ್ನು ನೋಡಿದರು. "ಬೆಳಗಿನಿಂದ ಜಗಲಿಯ ಮೇಲೆ ಕೂತಿದ್ದಾಳಲ್ಲ, ಆ ಹೆಂಗಸು ಯಾರಯ್ಯ?" ಎಂದರು.

"ನನ್ನ ಅಕ್ಕ ಶರಣವ್ವ, ಗುರುಗಳೇ. ನನ್ನ ಹತ್ತಿರ ಏನೋ ಮಾತಾಡಬೇಕಂತೆ. ಮನೆ ಬಿಟ್ಟು ಬಂದವನಿಗೆ ಮನೆಯ ಮಾತೇಕೆ ಎಂದು ನಾನು ಹೋಗಲಿಲ್ಲ. ಎಲೆ ಹಾಕಿ ಪ್ರಸಾದ ಬಡಿಸಲು ಹೇಳಿದ್ದೇನೆ. ಉಂಡು ಹೋಗುತ್ತಾಳೆ."

"ಹಾಗೋ! ಸರಿ, ಕೂತುಕೋ. ನಿನ್ನ ಪ್ರಶ್ನೆಗೆ ಒಂದು ಕತೆಯಿದೆ. ನಡುವೆ ಬಾಯಿ ಹಾಕಬೇಡ," ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ದವಸದ ವ್ಯಾಪಾರಿ. ಕಾಳನ್ನು ಬರೀ ಕಣ್ಣಿನಿಂದ ನೋಡಿ ಒಪ್ಪುವವನಲ್ಲ. ಹಲ್ಲಿಗೆ ಹಾಕಿ ಕಡಿದು, ಕಟ್ ಎನ್ನುತ್ತದೆಯೋ ಇಲ್ಲವೋ ಕೇಳಿ, ಆಮೇಲೆ ಚೀಲ ಇಳಿಸಿಕೊಳ್ಳುವವನು. ಯಾವುದನ್ನೂ ಪರೀಕ್ಷೆ ಮಾಡಿಯೇ ತಿಳಿಯಬೇಕು ಎಂಬ ಹಟ ಅವನದು. ಹಟ ಒಳ್ಳೆಯದೇ. ಅದನ್ನು ಎಲ್ಲಿ ತೋರಿಸಬೇಕು ಎಂಬುದು ಬೇರೆ ಮಾತು.

ಒಂದು ಮಳೆಗಾಲ ಅವನ ಹಿತ್ತಲ ನುಗ್ಗೆಮರದ ಬುಡದಲ್ಲಿ ಎರಡು ಬಸವನಹುಳು ಸಿಕ್ಕವು. ತರಕಾರಿ ಬಳ್ಳಿ ತಿನ್ನುತ್ತವೆ ಎಂದು ಊರಿನವರು ಅವನ್ನು ಕಂಡಲ್ಲಿ ಉಪ್ಪು ಸುರಿದು ಕೊಲ್ಲುತ್ತಿದ್ದರು. ಇವನಿಗೆ ಅಯ್ಯೋ ಅನ್ನಿಸಿತು. ಹಳೆಯ ಮಣ್ಣಿನ ಬಾನಿಯೊಂದಕ್ಕೆ ಒದ್ದೆ ಮಣ್ಣು ತುಂಬಿ ಎರಡನ್ನೂ ಅದರಲ್ಲಿ ಬಿಟ್ಟ. ಬಿಟ್ಟದ್ದೇನೋ ಆಯಿತು, ತಿನ್ನಿಸುವುದು ಏನನ್ನು? ಸಾಕಿದವರು ಊರಲ್ಲಿ ಯಾರೂ ಇಲ್ಲ, ಕೇಳುವುದು ಯಾರನ್ನು? ಸರಿ, ಪರೀಕ್ಷೆ ಶುರುವಾಯಿತು.

ಸಂಜೆ ಒಂದು ತಿನಿಸು ಇಡುವುದು, ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಬಾನಿಗೆ ಬಗ್ಗಿ ನೋಡುವುದು. ಸೌತೆಕಾಯಿ ಇಟ್ಟ. ತಿರುಳು ಹೋಗಿತ್ತು, ಸಿಪ್ಪೆ ಉಳಿದಿತ್ತು. ಮರುದಿನದಿಂದ ಸಿಪ್ಪೆ ಹೆರೆದೇ ಇಟ್ಟ. ಈರುಳ್ಳಿಯ ಹತ್ತಿರ ಅವು ಸುಳಿಯಲೂ ಇಲ್ಲ. ನಿಂಬೆಹಣ್ಣಿನ ಹೋಳು ಇಟ್ಟರೆ ಮೈ ಮುದುಡಿಕೊಂಡು ಚಿಪ್ಪಿನೊಳಗೆ ಸೇರಿದವು. "ತಪ್ಪಾಯ್ತಪ್ಪ, ತಪ್ಪಾಯ್ತು" ಎಂದು ಹುಳುವಿಗೆ ಕೈ ಮುಗಿದು ನೀರು ಚಿಮುಕಿಸಿದ. ಬೇಯಿಸಿದ ಕುಂಬಳಕ್ಕಿಂತ ಹಸಿ ಕುಂಬಳ ಮೇಲು ಎಂದು ಕಂಡುಕೊಂಡ. ಬಸಳೆಗಿಂತ ನುಗ್ಗೆಯ ಎಳೆ ಸೊಪ್ಪು ಇಷ್ಟ ಎಂದು ತಿಳಿದುಕೊಂಡ. ಅಂಗಡಿಗೆ ಬಂದವರು ಜೋಳದ ಧಾರಣೆ ಕೇಳಿದರೆ ಇವನು ಹುಳುವಿನ ಊಟದ ಸುದ್ದಿ ಹೇಳುತ್ತಿದ್ದ. "ಎಂಥ ಕರುಳಪ್ಪ ಇವನದು!" ಎಂದು ಜನ ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ?

ಆಗಲೇ ಅವನ ಹೆಂಡತಿ ಬಸುರಿಯಾದಳು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಹರಕೆ ಹೊತ್ತೂ ಹೊತ್ತೂ ಸಾಕಾದ ಮೇಲೆ ನಿಂತ ಬಸಿರು. ಬಸುರಿಯ ಬಯಕೆ ತೀರಿಸಬೇಕಲ್ಲವೇ? ಆ ಮನೆಯಲ್ಲಿ ಬಯಕೆ ಎಂದರೆ ಬಸುರಿ ಕೇಳಿದ್ದಲ್ಲ, ಮನೆತನದಲ್ಲಿ ನಡೆದುಕೊಂಡು ಬಂದದ್ದು. ಹೋಳಿಗೆ, ಕರಿಗಡಬು, ರವೆ ಉಂಡೆ ಎಂದು ಅತ್ತೆ ಸಿಹಿಯ ಮೇಲೆ ಸಿಹಿ ಮಾಡಿ ಎಲೆಗೆ ಹಾಕಿದಳು. ಸೊಸೆಗೆ ಸಿಹಿ ಕಂಡರೆ ವಾಂತಿ. ಅವಳಿಗೆ ಬೇಕಾಗಿದ್ದದ್ದು ಎರಡೇ. ಒಂದು, ಅಡುಗೆಮನೆಯ ಗೋಡೆಯ ಮಣ್ಣು. ಯಾರೂ ಇಲ್ಲದಾಗ ಉಗುರಿನಿಂದ ಕೆರೆದು ಕೆರೆದು ತಿನ್ನುತ್ತಿದ್ದಳು. ಇನ್ನೊಂದು, ನುಗ್ಗೆಸೊಪ್ಪಿನ ಪಲ್ಯ.

ನುಗ್ಗೆ ಉಷ್ಣ, ಬಸುರಿಗೆ ಕೂಡದು ಎಂದುಬಿಟ್ಟಳು ಅತ್ತೆ. ಸೊಸೆ ಗಂಡನ ಹತ್ತಿರ ಬಂದಳು.

"ಒಂದು ಹಿಡಿ ನುಗ್ಗೆಸೊಪ್ಪು ಕಿತ್ತು ಕೊಡ್ರಿ. ಬೇರೆ ಏನೂ ನನಗೆ ಸೇರುವುದಿಲ್ಲ," ಎಂದಳು.

"ಅವ್ವ ಬೇಡ ಅಂದ ಮೇಲೆ ಮುಗೀತು. ಅವಳಿಗಿಂತ ನಿನಗೆ ಹೆಚ್ಚು ಗೊತ್ತೇನು?" ಎಂದ ಗಂಡ.

ಅವನ ಕೈಯಲ್ಲಿ ಆಗ ಒಂದು ಹಿಡಿ ನುಗ್ಗೆಯ ಎಳೆ ಸೊಪ್ಪಿತ್ತು. ಬಾನಿಗೆ ಹಾಕಲು ಕಿತ್ತು ತಂದದ್ದು.

ಮಣ್ಣು ತಿನ್ನುವ ವಿಷಯಕ್ಕಂತೂ ಅವನು ದೊಡ್ಡ ಉಪಾಯವನ್ನೇ ಮಾಡಿದ. ಮಗುವಿಗೆ ಹಾಲು ಬಿಡಿಸಲು ತಾಯಂದಿರು ಎದೆಗೆ ಬೇವು ಹಚ್ಚಿಕೊಳ್ಳುತ್ತಾರಲ್ಲ, ಅದನ್ನು ನೆನಪು ಮಾಡಿಕೊಂಡ. ಬೇವಿನ ಎಲೆ ಅರೆಸಿ, ಅವಳು ಕೆರೆಯುತ್ತಿದ್ದ ಗೋಡೆಗೆಲ್ಲ ಗಟ್ಟಿಯಾಗಿ ಬಳಿಸಿದ. ತನ್ನ ಜಾಣತನಕ್ಕೆ ತಾನೇ ನಕ್ಕ. ಅವಳು ಗೋಡೆಯ ಹತ್ತಿರ ಹೋದಳು, ಮುಖ ಕಿವುಚಿಕೊಂಡು ಹಿಂದೆ ಬಂದಳು. ಕೆಲವು ದಿನಗಳ ಮೇಲೆ ಹೋಗುವುದನ್ನೂ ಬಿಟ್ಟಳು. ಕೆಟ್ಟ ಚಟ ಬಿಟ್ಟಿತು ಎಂದು ತಾಯಿ ಮಗ ಇಬ್ಬರಿಗೂ ಸಮಾಧಾನವಾಯಿತು.

ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಗಾದೆ ನೀನು ಕೇಳಿದ್ದೀಯ. ಇವನು ಮಾರಿಯೂ ಅಲ್ಲ ಕಣಯ್ಯ. ಹೆಂಡತಿಯ ಮೇಲೆ ಕೈಯೆತ್ತಿದವನಲ್ಲ, ಹೊಟ್ಟೆಗೆ ಬಟ್ಟೆಗೆ ಕಡಿಮೆ ಮಾಡಿದವನಲ್ಲ. ಒಳ್ಳೆಯವನೇ. ಅದಕ್ಕೇ ನನಗೆ ಹೊಟ್ಟೆ ಉರಿಯುವುದು.

ಅಷ್ಟರಲ್ಲಿ ಬಾನಿಯ ಹುಳುಗಳ ಚಿಪ್ಪು ಬೆಳ್ಳಗಾಗಿ ಅಂಚು ಒಡೆಯತೊಡಗಿತು. ವ್ಯಾಪಾರಿಗೆ ಊಟ ರುಚಿಸಲಿಲ್ಲ. ನೆನೆಸಿದ ಅಕ್ಕಿ ಇಟ್ಟ, ಬಾಳೆಹಣ್ಣು ಇಟ್ಟ, ಹೀರೆಕಾಯಿ ಇಟ್ಟ. ಯಾವುದರಿಂದಲೂ ಚಿಪ್ಪು ಕೂಡಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಬಾನಿಯೇ ಖಾಲಿ. ಎರಡೂ ಹತ್ತಿ ಹೋಗಿ ಅಡುಗೆಮನೆಯ ಸುಣ್ಣ ಬಳಿದ ಮಣ್ಣಿನ ಗೋಡೆಗೆ ಕಚ್ಚಿಕೊಂಡಿದ್ದವು. ಅವು ಹಾದುಹೋದ ಕಡೆಯೆಲ್ಲ ಸುಣ್ಣ ಸವೆದಿತ್ತು.

"ಅಯ್ಯಯ್ಯೋ, ಇವಕ್ಕೆ ಸುಣ್ಣ ಬೇಕು! ನನಗೆ ತಿಳಿಯಲೇ ಇಲ್ಲವಲ್ಲ!" ಎಂದು ಹಣೆ ಚಚ್ಚಿಕೊಂಡ. ಆ ಕ್ಷಣವೇ ಕುಡುಗೋಲು ತಂದ. ಗೋಡೆಯ ಹಳೆಯ ಸುಣ್ಣವನ್ನು ಹೆರೆದು, ಕಲ್ಲಿನ ಮೇಲೆ ನುಣ್ಣಗೆ ಪುಡಿ ಮಾಡಿ, ಬಾನಿಗೆ ಉದುರಿಸಿದ. ಹೆರೆಯುವಾಗ ಬೇವು ಬಳಿಯದ ಜಾಗವನ್ನೇ ಹುಡುಕಿದ. ಹುಳುವಿಗೆ ಕಹಿಯಾಗಬಾರದಲ್ಲ!

ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದಳು. ತುಟಿ ಬಿಳಿಚಿಕೊಂಡಿತ್ತು. ನಿಲ್ಲಲು ಕಷ್ಟವಾಗುತ್ತಿತ್ತು.

"ಇವಕ್ಕೆ ಇದೇ ಬೇಕು ಅಂತ ನಿಮಗೆ ಹೆಂಗೆ ತಿಳೀತು?" ಎಂದಳು.

"ಬಾಯಿಲ್ಲದ ಜೀವ ನೋಡು. ನಾವೇ ನಿಗಾ ಇಟ್ಟು ತಿಳಿದುಕೊಳ್ಳಬೇಕು," ಎಂದ ಅವನು, ಹೆಮ್ಮೆಯಿಂದ.

"ನನಗೆ ಬಾಯಿತ್ತಲ್ಲ," ಎಂದಳು ಅವಳು.

ಅವನಿಗೆ ಕೇಳಿಸಿತು. ಬಸುರಿಯರು ಏನೇನೋ ಆಡುತ್ತಾರೆ ಎಂದುಕೊಂಡು ಬಾನಿಗೆ ನೀರು ಚಿಮುಕಿಸಿದ.

ದಿನ ತುಂಬಿತು. ಸೂಲಗಿತ್ತಿ ಬಂದಳು. ಬಸುರಿಯ ಕಣ್ಣಿನ ರೆಪ್ಪೆ ಎಳೆದು ನೋಡಿ, "ಮೈಯಲ್ಲಿ ರಕ್ತವೇ ಇಲ್ಲವಲ್ಲ! ಮಣ್ಣು ತಿನ್ನುತ್ತಿದ್ದಳೇನು? ಆಗಲೇ ನನ್ನನ್ನು ಯಾಕೆ ಕರೆಯಲಿಲ್ಲ? ಸೊಪ್ಪು ಸದೆ ಏನಾದರೂ ತಿನ್ನಿಸಿದಿರೋ ಇಲ್ಲವೋ?" ಎಂದು ಬೈದಳು. ಅತ್ತೆ ನೆಲ ನೋಡಿದಳು. ವ್ಯಾಪಾರಿ ನುಗ್ಗೆಮರದ ಕಡೆ ನೋಡಿದ. ಹುಟ್ಟಿದ ಕೂಸಿಗೆ ಉಸಿರಿರಲಿಲ್ಲ. ತಾಯಿಯ ಮೈಯಿಂದ ಹೋಗುತ್ತಿದ್ದ ರಕ್ತ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಅವಳೂ ಹೋದಳು.

ಕರ್ಮ ಮುಗಿಯಿತು. ನೆಂಟರು ಹೊರಟುಹೋದರು. ವ್ಯಾಪಾರಿ ಬೆಳಿಗ್ಗೆ ಎದ್ದವನು ರೂಢಿಯಂತೆ ಬಾನಿಗೆ ಬಗ್ಗಿದ. ಹುಳುಗಳ ಚಿಪ್ಪು ಕೂಡಿ ಗಟ್ಟಿಯಾಗಿತ್ತು. ಮಣ್ಣಿನ ಸಂದಿಯಲ್ಲಿ ಸಬ್ಬಕ್ಕಿಯಂಥ ಮೊಟ್ಟೆಗಳು ಕಂಡವು. ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಡುಗೆಮನೆಗೆ ಹೋದ. ಗೋಡೆಯ ಮೇಲೆ ಅವಳ ಉಗುರಿನ ಗೀರುಗಳಿದ್ದವು. ಅದೇ ಜಾಗದಲ್ಲಿ ಕೆರೆದು, ಒಂದು ಚಿಟಿಕೆ ಮಣ್ಣನ್ನು ಬಾಯಿಗೆ ಹಾಕಿಕೊಂಡ. ಕಾಳು ಕಡಿಯುವಂತೆ ಕಡಿದು ನೋಡಿದ. ಅವನೇ ಬಳಿಸಿದ ಬೇವು ಇನ್ನೂ ಕಹಿಯಾಗಿತ್ತು. ಉಗುಳಲಿಲ್ಲ, ನುಂಗಿದ. ಗೋಡೆಗೆ ಹಣೆ ಇಟ್ಟು ಗೊಳೋ ಎಂದು ಅತ್ತ. ಅತ್ತರೆ ಬರುತ್ತಾಳೆಯೇ?

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯನ ಕಣ್ಣು ಒದ್ದೆಯಾಗಿತ್ತು. ಅಂಗೈಯ ಹಿಟ್ಟನ್ನು ಪಂಚೆಗೆ ಒರೆಸಿಕೊಂಡ.

"ಪಾಪ, ಆಮೇಲೆ ಆ ಹುಳುಗಳು ಏನಾದವು, ಗುರುಗಳೇ?" ಎಂದು ಕೇಳಿದ.

ಗುರುಗಳು ಅವನನ್ನೇ ದಿಟ್ಟಿಸಿ ನೋಡಿದರು.

"ಹುಳುವಿನ ಗತಿ ಕೇಳಿದೆಯಲ್ಲೋ ದಯಾವಂತ, ಬೆಳಗಿನಿಂದ ಪ್ರಸಾದ ಮುಟ್ಟದೆ ಕೂತಿರುವ ನಿನ್ನ ಅಕ್ಕನಿಗೂ ಬಾಯಿದೆ."